ಎಡಗಾಲಿನ ನಾಲ್ಕು ಅಟ್ಟೆಗಳು

ವಿನಿಫ್ರೆಡ್ ಮಿಲ್ಬರ್ನ್‌ಗೆ ಮಂಡಿನೋವು. ಹಾಗಾಗಿ ಹಳೆಯ ರೋಮನ್ ಕೋಟೆಯೊಂದರ ಉತ್ಖನನಕ್ಕೆ ಸ್ವಯಂಸೇವಕಿಯಾಗಿ ಬಂದವಳನ್ನು ಗುಂಡಿಗೆ ಇಳಿಸದೆ ಡೇರೆಯಲ್ಲಿ, ಅಗೆದಾಗ ಸಿಕ್ಕ ತೊಗಲಿನ ಸಾಮಾನು ತೊಳೆಯಲು ಕೂರಿಸಿದ್ದರು. ರೋಮನ್ ಸಿಪಾಯಿಗಳು ಎಸೆದು ಹೋದದ್ದನ್ನೆಲ್ಲ ಅಲ್ಲಿಯ ಗಾಳಿಯಾಡದ ಕಪ್ಪು ಕೆಸರು ಸಾವಿರದ ಒಂಬೈನೂರು ವರ್ಷ ಕೊಳೆಯಗೊಡದೆ ಕಾಪಾಡಿತ್ತು: ಬಾಚಣಿಗೆ, ಮರದ ಸೌಟು, ಬುಟ್ಟಿಗಟ್ಟಲೆ ತೊಗಲಿನ ಜೋಡು.

ಮಂಗಳವಾರ ಅವಳ ತಟ್ಟೆಗೆ ಜೋಡಿನ ತಳಕ್ಕೆ ಹಾಕುವ ನಾಲ್ಕು ಅಟ್ಟೆಗಳು ಬಂದವು. 'ಜೋಡು ಹೊಲಿಯುವವನ ಬಿಡಿ ಅಟ್ಟೆಗಳು' ಎಂದು ಚೀಟಿ ಕಟ್ಟಿತ್ತು. ವಿನಿ ಒಂದೊಂದನ್ನೇ ನೀರಿನಲ್ಲಿ ಆಡಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಅವಳ ಕೈ ನಿಂತುಬಿಟ್ಟಿತು. ನ್ಯೂಕಾಸಲ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ, ಒಂದು ಕಾಲು ಗಿಡ್ಡವಿದ್ದವರಿಗೆ ಬೂಟು ಮಾಡಿದವಳು ಅವಳು.

"ಈ ಚೀಟಿ ತಪ್ಪು," ಎಂದಳು.

ಎದುರಿಗೆ ಕುಳಿತಿದ್ದ ಕತ್‌ಬರ್ಟ್ ಡಾಡ್, ನಿವೃತ್ತ ಬಸ್ ಡ್ರೈವರ್, ತಲೆಯೆತ್ತಲಿಲ್ಲ. "ಬರೆದಿರೋದು ಡಾಕ್ಟರಮ್ಮ ಕಣೆ. ಇಪ್ಪತ್ತು ವರ್ಷದಿಂದ ಇದನ್ನೇ ಓದಿದಾರೆ. ನೀನು ಬಂದು ಎರಡು ವಾರ ಆಯ್ತು."

"ಬಿಡಿ ಅಟ್ಟೆ ಆಗಿದ್ರೆ ನಾಲ್ಕೂ ಎಡಗಾಲಿಂದೇ ಯಾಕಿರುತ್ತೆ? ನೀನು ಎಡಗಾಲಿಗೆ ಮಾತ್ರ ಬೂಟು ಕೊಂಡ್ಕೋತೀಯಾ?"

ಅಗೆತದ ಮುಖ್ಯಸ್ಥೆ ಡಾಕ್ಟರ್ ಐಲ್ಸಾ ಕ್ರೋಸರ್ ಬಂದು ನಿಂತಿದ್ದನ್ನು ಇಬ್ಬರೂ ಗಮನಿಸಿರಲಿಲ್ಲ.

"ಹಾಗಾದ್ರೆ ಏನಂತೀರಿ ಇದನ್ನ, ವಿನಿ?" ಐಲ್ಸಾಳ ದನಿಯಲ್ಲಿ ಕೋಪವಿರಲಿಲ್ಲ, ನಂಬಿಕೆಯೂ ಇರಲಿಲ್ಲ.

"ಇದು ನಾಲ್ಕಲ್ಲ, ಒಂದೇ. ಒಂದರ ಮೇಲೊಂದು ಜೋಡಿಸಿದ್ದು. ದಾರ ಕೊಳೆತು, ಮೊಳೆ ಉದುರಿ ಬಿಟ್ಕೊಂಡಿದೆ. ಬೆರಳಿನ ಕಡೆ ತೆಳ್ಳಗೆ ಹೆರೆದಿದಾನೆ ನೋಡಿ. ಹಿಮ್ಮಡಿ ಎತ್ತರ ಬರ್ಲಿ, ಮುಂದೆ ಕಾಲು ಮಡೀಲಿ ಅಂತ. ಈ ಸಿಪಾಯಿಗೆ ಎಡಗಾಲು ಗಿಡ್ಡ ಇತ್ತು."

"ಕುಂಟರನ್ನ ಪಡೇಲಿ ಇಟ್ಕೊಳ್ತಿರಲಿಲ್ಲ."

"ಸೇರಿದ ಮೇಲೆ ಕಾಲು ಮುರಿದಿರಬಹುದಲ್ಲ? ಜೋಡಿಸಿ ತೋರಿಸ್ಲಾ?"

ಐಲ್ಸಾ ಹೂಂ ಎಂದು ತಲೆಯಾಡಿಸಿದಳು. ವಿನಿ ಒದ್ದೆ ಅಟ್ಟೆಗಳನ್ನು ತನ್ನ ಲೆಕ್ಕದಂತೆ ಒಂದರ ಮೇಲೊಂದು ಇಟ್ಟು, ಎಳೆಯಷ್ಟು ಸಣ್ಣದಾದ ಬಿದಿರು ಕಡ್ಡಿಯನ್ನು ಹಿಮ್ಮಡಿಯ ಮೊಳೆತೂತಿಗೆ ಇಳಿಬಿಟ್ಟಳು. ಕಡ್ಡಿ ಎಲ್ಲೂ ತಡೆಯದೆ ನಾಲ್ಕೂ ಪದರ ದಾಟಿ ಕೆಳಗೆ ಬಂತು. ಎರಡನೆಯ ತೂತಿನಲ್ಲೂ ಹಾಗೆಯೇ. ಏಳನೆಯದಕ್ಕೆ ಕತ್‌ಬರ್ಟ್ ಕನ್ನಡಕ ಹಾಕಿಕೊಂಡು ಎದ್ದು ಬಂದಿದ್ದ.

"ಬಲಗಾಲಿಂದು ಅಲ್ಲೇ ಎಲ್ಲೋ ಬಿದ್ದಿರುತ್ತೆ," ಎಂದಳು ವಿನಿ. "ಅದಕ್ಕೆ ಒಂದೇ ಅಟ್ಟೆ. ಹಿಮ್ಮಡಿ ಹೊರಗಡೆ ಜಾಸ್ತಿ ಸವೆದಿರುತ್ತೆ. ಭಾರವೆಲ್ಲ ಆ ಕಾಲ್ಮೇಲೇ."

ಅಟ್ಟೆಗಳು ಸಿಕ್ಕಿದ್ದ ಗುಂಡಿಯ ಮೂಲೆಯನ್ನು ಎರಡು ದಿನ ಅಗೆದರು. ಸಿಕ್ಕಿದ್ದು ಕುರಿಮೂಳೆ ಮತ್ತು ಕೆಸರು. ಗುರುವಾರ ಸಂಜೆ ಕತ್‌ಬರ್ಟ್, "ನಿನ್ನ ಸಿಪಾಯಿ ಒಂದೇ ಕಾಲಲ್ಲಿ ಕುಪ್ಪಳಿಸ್ಕೊಂಡು ಹೋದ ಅನ್ಸುತ್ತೆ," ಎಂದ. ವಿನಿಗೆ ನಗು ಬರಲಿಲ್ಲ.

ಶುಕ್ರವಾರ ಚಹಾದ ಹೊತ್ತಿಗೆ ಐಲ್ಸಾ ಮೊಣಕೈವರೆಗೆ ಕೆಸರು ಮಾಡಿಕೊಂಡು ಡೇರೆಗೆ ಬಂದು, ತಟ್ಟೆಯೊಂದನ್ನು ವಿನಿಯ ಮುಂದಿಟ್ಟಳು. ವಿನಿ ನೀರು ಬಿಟ್ಟು ಕೆಸರು ತೊಳೆದಳು. ಬಲಗಾಲಿನ ಜೋಡು. ಅದೇ ಅಳತೆ, ಅದೇ ಮೊಳೆ ಸಾಲು, ಒಂದೇ ಅಟ್ಟೆ. ಹಿಮ್ಮಡಿಯ ಹೊರ ಅಂಚು ಕಾಗದದಷ್ಟು ತೆಳ್ಳಗೆ ಸವೆದಿತ್ತು.

ವಿನಿ ಆ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಆ ಸಿಪಾಯಿ ಇದನ್ನು ಮೆಟ್ಟಿ ತಿಂಗಳುಗಟ್ಟಲೆ ಪಹರೆ ತಿರುಗಿದ್ದ. ಬೂಟು ಮಾಡಿಕೊಟ್ಟವನಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು.

"ತಪ್ಪು ನನ್ನದೇ," ಎಂದಳು ಐಲ್ಸಾ ಎಲ್ಲರಿಗೂ ಕೇಳುವಂತೆ. ಹಳೆಯ ಚೀಟಿ ಹರಿದು, ಹೊಸದನ್ನೂ ಪೆನ್ಸಿಲನ್ನೂ ವಿನಿಯ ಕೈಗೆ ಕೊಟ್ಟಳು. "ನೀವೇ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ, ಪೂರ್ತಿ ಹೆಸರು."

ಡೇರೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕತ್‌ಬರ್ಟ್.

"ಇನ್ನೊಂದು ಮಾತು," ಎಂದಳು ಐಲ್ಸಾ. "ಉಗ್ರಾಣದಲ್ಲಿ ಇಂಥ ನಲವತ್ತು ಪೆಟ್ಟಿಗೆ ಇವೆ. ಎಲ್ಲಾ ಚೀಟಿ ಬರೆದೋಳು ನಾನೇ."

ವಿನಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿಕೊಂಡಳು. "ತರಿಸಿ," ಎಂದಳು.