ಎರಡು ಗಂಟಿನ ಚೀಲ

ನಿಯಮ ಪಾಲಿಸಿದ್ದಕ್ಕೆ ರಾಜಾಮಣಿಯ ಕೈಯಿಂದ ಕಸದ ಗಾಡಿ ಕಿತ್ತುಕೊಂಡರು. ಮರುದಿನವೇ ಅದನ್ನು ತೇನ್ಮೊಳಿಗೆ ಕೊಟ್ಟರು.

ಎರಡು ತಿಂಗಳ ಮೇಲೆ, ಇವತ್ತು, ಅದೇ ಗಾಡಿಯನ್ನು ಕೋತಗಿರಿ ಬದಿಯ ಹಟ್ಟಿಯ ಬೇಲಿಗೆ ಒರಗಿಸಿ ತೇನ್ಮೊಳಿ ಜನರ ನಡುವೆ ನುಗ್ಗಿದಳು. ಬಣ್ಣದ ಬಟ್ಟೆ ಕಟ್ಟಿದ ಮಂಚದ ಮೇಲೆ ರಾಜಾಮಣಿ ಹೊಸ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಸುತ್ತ ಡೋಲು, ಪೀಪಿ, ಕುಣಿತ. ಮೊಮ್ಮಕ್ಕಳ ಮುಖ ಕಂಡು ತೀರಿಹೋದವಳಿಗಾಗಿ ಅಳುತ್ತ ಕೂರುವುದು ಆ ಊರಲ್ಲಿ ಮರ್ಯಾದೆಯಲ್ಲ.

*

"ಹಸಿ ಕಸ ಹಸಿರು ಡಬ್ಬಿಗೆ, ಒಣಗಿದ್ದು ನೀಲಿಗೆ! ಬೆಳಗ್ಗೆ ಏಳಕ್ಕೆ ಗೇಟಿನ ಮುಂದೆ ಇರ್ಬೇಕು!" ಹನ್ನೊಂದು ವರ್ಷ ಗಂಟೆ ಬಾರಿಸಿ ಕೂಗಿದವಳು ರಾಜಾಮಣಿ. ಎರಡನ್ನೂ ಕಲಸಿ ಕೊಟ್ಟವರ ಚೀಲಕ್ಕೆ ಎರಡು ಗಂಟು ಬಿಗಿದು ಅವರ ಗೇಟಿಗೇ ನೇತುಹಾಕುತ್ತಿದ್ದಳು. ಒಂದು ದಿನ ಗುಡ್ಡದ ಮೇಲಿನ ರೆಸಾರ್ಟಿನ ಗೇಟಿಗೂ ಹಾಕಿದಳು.

"ಅದು ದೊಡ್ಡ ಜಾಗ, ಎತ್ತಮ್ಮ," ಅಂದ ಸೂಪರ್‌ವೈಸರ್ ಸುಧಾಕರನ್.

"ದೊಡ್ಡೋರ ಗಾಜು ಕೈ ಕುಯ್ಯಲ್ವಾ ಸಾರ್?"

*

ಡೋಲು ನಿಂತಿತು. ಮುದುಕ ನಂಜುಂಡನ್ ಎದ್ದು, ಸತ್ತವಳ ಪಾಪಗಳನ್ನು ಒಂದೊಂದಾಗಿ ಕೂಗಿ ಬಸವನ ಪಾದಕ್ಕೆ ಒಪ್ಪಿಸತೊಡಗಿದ.

"ಹರಿಯೋ ಹಾವಿಗೆ ಕಲ್ಲು ಎಸೆದಳು!"

"ಪಾಪ!" ಊರೆಲ್ಲ ಒಕ್ಕೊರಲಿಂದ ಕೂಗಿತು.

"ಪಕ್ಕದೋರ ಎಮ್ಮೆ ಹಾಲು ಕಂಡು ಹೊಟ್ಟೆ ಉರ್ಕೊಂಡಳು!"

"ಪಾಪ!"

ಮುದುಕನ ಮೀಸೆ ಅಲುಗಿತು. "ನನ್ನ ಕಸಾನ ನನ್ನ ಗೇಟಿಗೇ ನೇತುಹಾಕಿದಳು, ಹದಿನಾಲ್ಕು ಸಲ!"

"ಪುಣ್ಯ!" ಹೆಂಗಸರ ಕಡೆಯಿಂದ ನಗು ಸಿಡಿಯಿತು. "ಪಾಪ ನಿಂದು, ಮಾಮಾ!"

ಆ ನಗುವಿನ ನಡುವೆಯೇ ತೇನ್ಮೊಳಿ ಕೂಗಿಬಿಟ್ಟಳು: "ರೆಸಾರ್ಟಿನ ಕಲಸಿದ ಕಸಾನ ಎರಡು ತಿಂಗಳು ಬಾಯ್ಮುಚ್ಕೊಂಡು ಎತ್ತಿದೀನಿ. ಅದನ್ನೂ ಸೇರಿಸಿ!"

ನಂಜುಂಡನ್ ಅವಳ ತಲೆ ಮೇಲೆ ಕೈ ಇಟ್ಟ. "ಬದುಕಿರೋರ ಪಾಪ ಇಲ್ಲಿ ಹೋಗಲ್ಲಮ್ಮ. ನೀನೇ ತೀರಿಸ್ಕೋಬೇಕು."

ಮತ್ತೆ ಡೋಲು. ಅದನ್ನು ಮೀರಿಸುವಂತೆ ಹಾರ್ನ್. ಬೇಲಿಯಾಚೆ ಸ್ಕೂಟರ್ ಮೇಲೆ ಸುಧಾಕರನ್, ಅವನ ಕಾಲ ಬಳಿ ರೆಸಾರ್ಟಿನ ದಪ್ಪ ಚೀಲ.

"ಗೆಸ್ಟ್‌ಗಳು ಮೂಗು ಮುಚ್ಕೊಂಡಿದಾರೆ. ಇದನ್ನ ಗಾಡಿಗೆ ಹಾಕು, ಮೇಲೆ ಇನ್ನೂ ಆರು ಚೀಲ ಇವೆ. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ತೇನ್ಮೊಳಿ ಬೇಲಿಯ ಹತ್ತಿರ ಬಂದು ಚೀಲ ಬಿಚ್ಚಿ ನೋಡಿದಳು. ಬಿರಿಯಾನಿ, ಒಡೆದ ಬಾಟ್ಲಿ, ಡೈಪರ್. ಚೀಲದ ಬಾಯಿ ಮುಚ್ಚಿ ಒಂದು ಗಂಟು ಬಿಗಿದಳು. ಅದರ ಮೇಲೆ ಇನ್ನೊಂದು.

"ಎತ್ತಲ್ಲ ಸಾರ್."

ಚೀಲವನ್ನು ಅವನ ಸ್ಕೂಟರಿನ ಹ್ಯಾಂಡಲ್‌ಗೇ ನೇತುಹಾಕಿದಳು. ಗಾಡಿಯ ಗಂಟೆ ಬಿಚ್ಚಿಕೊಂಡು, ಅದನ್ನು ಬಾರಿಸುತ್ತ ಕುಣಿಯುವವರ ಸಾಲು ಸೇರಿದಳು.