ಕತ್ತರಿ ಮೇಡಂ

ಸಂದರ್ಶನದ ಚಿತ್ರೀಕರಣ ಕೈಗೆ ಬಂದರೆ ಮೊದಲ ಸಲ ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಪರದೆಯೆದುರು ಕುಳಿತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಆದ್ಯಂತ ಕೇಳುತ್ತಿದ್ದರು. ಹೊಸಬರು ಯಾರಾದರೂ ಬಾಗಿಲು ತೆರೆದು ಇಣುಕಿದರೆ, ಪಾಪ, ಕುಳಿತಲ್ಲೇ ನಿದ್ದೆಹೋಗಿದ್ದಾರೆ ಎಂದುಕೊಂಡು ಸದ್ದಿಲ್ಲದೆ ಹಿಂದಿರುಗುತ್ತಿದ್ದರು. ಮುಖ ಮರುಳು ಮಾಡುತ್ತದೆ, ದನಿಗೆ ಆ ವಿದ್ಯೆ ಅಷ್ಟಾಗಿ ಬಾರದು ಎಂಬುದು ಅವರ ಅನುಭವ.

ಮೂವತ್ತೊಂದು ವರ್ಷಗಳಿಂದ ಪ್ರತಿ ಭಾನುವಾರ ಸಂಜೆ ಪ್ರಸಾರವಾಗುತ್ತಿದ್ದ ಆ ಸುದ್ದಿ ಕಾರ್ಯಕ್ರಮಕ್ಕೆ ಇಪ್ಪತ್ತಾರು ವರ್ಷ ಅವರೇ ಎಡಿಟರ್. ಅದರ ಕಟ್ಟಳೆ ಸರ್ಕಾರಗಳು ಬದಲಾದರೂ ಬದಲಾದದ್ದಲ್ಲ. ವಾರಕ್ಕೆ ಮೂರು ವರದಿ: ಮೊದಲನೆಯದು ಯಾರದಾದರೂ ಬೆವರಿಳಿಸುವಂಥದ್ದು, ಎರಡನೆಯದು ದೂರದ ನಾಡಿನ ದುಃಖ, ಮೂರನೆಯದು ನೋಡುಗರನ್ನು ನಗಿಸಿ ಕಳಿಸುವಂಥದ್ದು. ಕೊನೆಗೆ ಎರಡು ಕಾಗದಗಳ ಓದು, ಒಂದು ಹೊಗಳಿದ್ದು, ಒಂದು ಬೈದದ್ದು. ಆಮೇಲೆ ದುಡಿದವರ ಹೆಸರುಗಳು ಬೆಂಕಿ ಬಿದ್ದ ಮನೆಯಿಂದ ಓಡುವವರಂತೆ ಪರದೆಯ ಮೇಲೆ ಓಡುತ್ತಿದ್ದವು. ಅವರ ಅಕ್ಕ ಅಡುಗೆಮನೆಯಿಂದ ಎದ್ದುಬಿದ್ದು ಬರುವಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದಿರುತ್ತಿತ್ತು. "ನಿಂಗೆ ಅಲ್ಲಿ ಕೆಲ್ಸ ಇರೋದು ನಿಜಾನೇನೇ?" ಎಂದು ಅಕ್ಕ ಕೇಳಿದ್ದೂ ಉಂಟು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಯಂತ್ರಗಳ ಸುಖಕ್ಕಾಗಿ ಸದಾ ಚಳಿ. ಗಂಡನ ಹಳೆಯ ಬೂದುಬಣ್ಣದ ಕೋಟು, ಮೊಣಕೈ ಸವೆದು ತೇಪೆ ಕಂಡದ್ದು, ಬೇಸಿಗೆಯಲ್ಲೂ ಅವರ ಮೈಮೇಲೆ. ಬಲಕಿವಿಯನ್ನು ಯಾವಾಗಲೂ ತುಸು ಮುಂದೆ ಮಾಡಿ ನಡೆಯುವುದರಿಂದ, ಹಜಾರದಲ್ಲಿ ಬರುತ್ತಿದ್ದರೆ ಯಾರದೋ ಗುಟ್ಟಿನ ಬೆನ್ನು ಹತ್ತಿ ಹೊರಟವರಂತೆ ಕಾಣುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ಕತ್ತರಿ ಮೇಡಂ ಎಂದು; ಅವರ ಬಾಯಲ್ಲಿ ಮಾತ್ರ ಸದಾ ಒಂದೇ ಮಾತು, "ಇರ್ಲಿ, ಇನ್ನೊಂದ್ಸಲ ಕೇಳೋಣ." ಮನೆಯಲ್ಲಿ ಗಂಡ ಜಗಳದ ಭರದಲ್ಲಿ ಏನಾದರೂ ಅಂದುಬಿಟ್ಟರೂ, "ಇರ್ಲಿ, ಇನ್ನೊಂದ್ಸಲ ಹೇಳಿ" ಎನ್ನುವರು. ಅದೇ ಮಾತನ್ನು ಅಷ್ಟೇ ಸಿಟ್ಟಿನಿಂದ ಎರಡನೆಯ ಸಲ ಹೇಳುವುದು ಯಾವ ಮನುಷ್ಯನಿಗೂ ಆಗದ ಕೆಲಸ. ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು.

ಆ ಕಾರ್ಯಕ್ರಮದಲ್ಲಿ ಇನ್ನೊಂದು ಹಳೆಯ ಪದ್ಧತಿಯಿತ್ತು. ಸಂದರ್ಶನಕ್ಕೆ ಕ್ಯಾಮೆರಾ ಒಂದೇ, ಅದು ಅತಿಥಿಯ ಮುಖದ ಮೇಲೆ. ಅತಿಥಿ ಎದ್ದುಹೋದ ಮೇಲೆ ಕ್ಯಾಮೆರಾ ತಿರುಗಿಸಿ, ನಿರೂಪಕರು ಖಾಲಿ ಕುರ್ಚಿಗೆ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳುವರು, ಗಂಭೀರವಾಗಿ ತಲೆಯಾಡಿಸುವರು. ಎರಡನ್ನೂ ಹೊಲಿಗೆ ಕಾಣದಂತೆ ಹೊಲಿಯುವುದು ಎಡಿಟರ್ ಪಾಲಿನ ಕೆಲಸ. ಎಲ್ಲರೂ ಒಪ್ಪಿಕೊಂಡ ನಿರುಪದ್ರವಿ ಸುಳ್ಳು ಅದು.

ಒಂದು ವಾರ ಅದು ನಿರುಪದ್ರವಿಯಾಗಿ ಉಳಿಯಲಿಲ್ಲ. ಒಂದು ಪಟ್ಟಣದಲ್ಲಿ ನಲ್ಲಿನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದ್ದರು. ಪಂಪ್‌ಹೌಸಿನ ಆಪರೇಟರ್, ಹೆಚ್ಚು ಮಾತು ಬಾರದ ನಡುವಯಸ್ಸಿನ ಮನುಷ್ಯ, ಸಂದರ್ಶನಕ್ಕೆ ಕುಳಿತಿದ್ದ. ಕಣ್ಣು ಮುಚ್ಚಿ ಕೇಳುತ್ತಿದ್ದ ಇವರಿಗೆ ನಿರೂಪಕರ ದನಿ ಅತಿಥಿಯ ಮೈಕಿನಲ್ಲಿ ದೂರದಿಂದ ಕ್ಷೀಣವಾಗಿ ಕೇಳಿಸಿತು: "ತಪ್ಪು ನಿಮ್ಮ ಮೇಲೇ ಬರುತ್ತೆ ಅಂತ ಗೊತ್ತಿತ್ತಾ?" ದೀರ್ಘ ಮೌನ. ಆಮೇಲೆ, "ಗೊತ್ತಿತ್ತು." ಖಾಲಿ ಕುರ್ಚಿಗೆ ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು: "ನೀರು ಕೆಟ್ಟಿದೆ ಅಂತ ಗೊತ್ತಿತ್ತಾ?" ಈ ಪ್ರಶ್ನೆಯನ್ನು ಆ ಉತ್ತರಕ್ಕೆ ಹೊಲಿದರೆ ಆ ಮನುಷ್ಯ ಊರಿಗೆ ವಿಷ ಕುಡಿಸಿದ್ದನ್ನು ಒಪ್ಪಿಕೊಂಡಂತೆ.

ನಿರ್ಮಾಪಕನಿಗೆ ಹೇಳಿದರು. ಅವನು ಎರಡನ್ನೂ ಜೋಡಿಸಿ ನೋಡಿಯಾಗಿತ್ತು.

"ಮೇಡಂ, ಆ ಮೌನಾನೇ ಈ ವಾರದ ಕಾರ್ಯಕ್ರಮ. ಅದಕ್ಕೆ ಕೈ ಹಚ್ಬೇಡಿ. ನೀರಿನ ಪ್ರಶ್ನೇನೇ ಕೇಳಿದ್ದು ಅಂತ ಸರ್ರೇ ಹೇಳ್ತಿದ್ದಾರಲ್ಲ."

ಅವರಿಗೆ ಕೋಪ ಬರಬೇಕಿತ್ತು, ಬಂದದ್ದು ದಣಿವು. ಅಲ್ಲಿಯ ನಗುವನ್ನು ಇಲ್ಲಿಗೆ, ಇಲ್ಲಿಯ ನಿಟ್ಟುಸಿರನ್ನು ಅಲ್ಲಿಗೆ ಅವರೂ ಎಷ್ಟೋ ಸಲ ಸರಿಸಿದ್ದರು, ಹೋಗಲಿ ಬಿಡು ಎಂದುಕೊಂಡಿದ್ದರು. ಆ ಎಲ್ಲ ಹೋಗಲಿಗಳ ಭಾರ ಅಂದು ಒಟ್ಟಿಗೆ ಹೆಗಲಿಗೆ ಬಿದ್ದಂತಾಯಿತು. ಮನೆಗೆ ಹೋಗಿ ಮಲಗಿಬಿಡೋಣ ಎನ್ನಿಸಿತು. ಆದರೂ ಆ ದನಿ ತುಂಬಿಸಿದ ಪುಟ್ಟ ರೆಕಾರ್ಡರ್, ಹೆಡ್‌ಫೋನ್ ಹಿಡಿದು ನಿರೂಪಕರ ಮೇಕಪ್ ಕೋಣೆಗೆ ನಡೆದರು.

ಎಪ್ಪತ್ತು ದಾಟಿದ ಹಿರಿಯರು ಕೊರಳಿಗೆ ಬಿಳಿ ಬಟ್ಟೆ ಸಿಕ್ಕಿಸಿಕೊಂಡು ಕನ್ನಡಿಯೆದುರು ಕುಳಿತಿದ್ದರು. "ಏನಮ್ಮಾ, ಈ ಸಲ ನನ್ನ ತಲೆ ಎಲ್ಲಿ ಕತ್ತರಿಸ್ತೀಯಾ?" ಎಂದು ನಕ್ಕರು. ಇವರು ನಗಲಿಲ್ಲ, ಹೆಡ್‌ಫೋನ್ ಕೊಟ್ಟರು. ಹಿರಿಯರು ಒಮ್ಮೆ ಕೇಳಿದರು, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

"ಹೀಗೇ ಕೇಳಿದ್ನಾ ನಾನು?"

"ಹೌದು ಸರ್, ಹೀಗೇ."

"ನಂಗೆ ನೆನಪಿರೋದು ಇನ್ನೊಂದಲ್ವೇನಮ್ಮಾ."

ಅವರು ಸುಳ್ಳು ಹೇಳಿರಲಿಲ್ಲ, ಮರೆತಿದ್ದರು. ಒಂದು ವರ್ಷದಿಂದ ಅವರ ಮಾತು ಅಲ್ಲಲ್ಲಿ ಎಡವುತ್ತಿದ್ದುದು ಲೋಕಕ್ಕೆ ತಿಳಿಯದಿದ್ದರೆ ಅದು ಈ ಕತ್ತರಿಯ ಕೃಪೆ. ವಾರವಾರವೂ ಆ ತಡವರಿಕೆಗಳನ್ನು ಆರಿಸಿ ತೆಗೆದವರು ಇವರೇ. ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದರು.

"ನಿಮ್ಗೆ ಮೊದ್ಲೇ ಹೇಳ್ಬೇಕಿತ್ತು ಸರ್. ತಪ್ಪು ನಂದೂ ಇದೆ."

"ಹೇಳಿದ್ರೆ ನಾನೆಲ್ಲಿ ಕೇಳ್ತಿದ್ದೆ?" ಎಂದರು ಹಿರಿಯರು. ಹೆಡ್‌ಫೋನ್ ಹಿಂದಕ್ಕೆ ಕೊಡುತ್ತ, "ಅವನ ಮುಖಾನೇ ಇರ್ಲಿ. ನನ್ನ ತೋರಿಸ್ಬೇಡ," ಎಂದರು.

ಆ ಭಾನುವಾರ ಪರದೆಯ ಮೇಲೆ ಆಪರೇಟರನ ಮುಖವೊಂದೇ ಇತ್ತು. ಪ್ರಶ್ನೆ ದೂರದಿಂದ, ಒರಟಾಗಿ, ಕೇಳಿದಂತೆಯೇ ಕೇಳಿಸಿತು. ದೋಷವಿದ್ದದ್ದು ಪಂಪ್‌ಹೌಸಿನಿಂದ ಬಹುದೂರ, ಚರಂಡಿಯ ಪಕ್ಕ ಒಡೆದ ಕೊಳವೆಯಲ್ಲಿ ಎಂದು ತಿಂಗಳ ಮೇಲೆ ತನಿಖೆಯಿಂದ ತಿಳಿಯಿತು. ನಿರೂಪಕರು ಆ ವರ್ಷವೇ ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣದಲ್ಲಿ ಅನೇಕರನ್ನು ನೆನೆದರು, ಇವರನ್ನು ನೆನೆಯಲಿಲ್ಲ. ನಿರ್ಮಾಪಕ ಇವರನ್ನು ಮೊದಲ ವರದಿಯಿಂದ ತೆಗೆದು ಮೂರನೆಯದಕ್ಕೆ ಹಾಕಿದ. ನಾಯಿಗೆ ಈಜು ಕಲಿಸುವ ನಿವೃತ್ತ ಅಂಚೆಯಣ್ಣ, ನಲವತ್ತು ಗಡಿಯಾರ ಸಾಕಿದ ಮುದುಕಿ: ಇಂಥವರ ನಡುವೆ ಅವರ ಕೊನೆಯ ವರ್ಷಗಳು ಕಳೆದವು. ಅವರೇನೂ ಜಗಳವಾಡಲಿಲ್ಲ. ಪಂಪ್‌ಹೌಸಿನ ಆ ಮನುಷ್ಯನಿಗೆ ಇದೊಂದೂ ಇಂದಿಗೂ ಗೊತ್ತಿಲ್ಲ.

ಇಂಥವರನ್ನು ಧೀರರೆಂದು ಕರೆದರೆ ಅವರಿಗೇ ಮುಜುಗರವಾದೀತು. ದೊಡ್ಡ ಸಂಸ್ಥೆಗಳ ಒಳಕೋಣೆಗಳಲ್ಲಿ, ಹತ್ತು ಜನರ ಸಣ್ಣ ಸುಳ್ಳುಗಳಿಗೆ ತಾವೂ ಕೈ ಜೋಡಿಸುತ್ತ, ಅದಕ್ಕಾಗಿ ಒಳಗೇ ಸವೆಯುತ್ತ ಬದುಕು ಕಳೆಯುವವರು ಅವರು. ತೊಂಬತ್ತೊಂಬತ್ತು ಸಲ ಸುಮ್ಮನಿದ್ದವರು ನೂರನೆಯ ಸಲ ಏಕೆ ಎದ್ದು ನಡೆಯುತ್ತಾರೆಂದು ಕೇಳಿದರೆ ಅವರ ಬಳಿ ಉತ್ತರವಿಲ್ಲ. ತಪ್ಪಿಹೋದ ಅನ್ಯಾಯಕ್ಕೆ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ; ತಪ್ಪಿಸಿದವರ ಪಾಲಿಗೆ ಉಳಿಯುವುದು ಆಯಾಸವೊಂದೇ. ಲೋಕ ತಕ್ಕಮಟ್ಟಿಗೆ ನೆಟ್ಟಗೆ ನಡೆಯುತ್ತಿದ್ದರೆ, ಅದು ಬಹುಶಃ ಹೀಗೆ ದಣಿದವರ ದೆಸೆಯಿಂದ.