ಧ್ವನಿ ತೆರೆ

ಕಾಫಿ ಯಂತ್ರ ಕಾಫಿ ಸುರಿಯುತ್ತಿದೆ, ಲೋಟ ಬಿದ್ದೇ ಇಲ್ಲ, ಮುದುಕನೊಬ್ಬ ಅದಕ್ಕೆ ಗುದ್ದುತ್ತಿದ್ದಾನೆ, ಅತ್ತ ನೋಡಬೇಡ ರಾಲಿತ್ಸಾ, ತೊಡೆಯ ಮೇಲಿನ ಪರದೆ ನೋಡು, ಮತ್ತೆ ಕೆಂಪು ಸಾಲು, ಮತ್ತೆ ಕಂಪೈಲ್ ಆಗಲಿಲ್ಲ, ನನ್ನ ಮ್ಯಾಕ್‌ನಲ್ಲಿ ನೀರು ಕುಡಿದಷ್ಟು ಸಲೀಸಾಗಿ ನಡೆಯುವ ಪ್ರೋಗ್ರಾಮು ವಿಂಡೋಸ್‌ಗೆ ಕಟ್ಟಲು ಹೋದರೆ ಕಾಲು ಝಾಡಿಸುತ್ತಿದೆ, ಆ ಗಾಜಿನ ಬಾಗಿಲಾಚೆ ಐಸಿಯುನಲ್ಲಿ ಅಣ್ಣನ ಮಂಪರು ಇಳಿಸುತ್ತಿದ್ದಾರೆ — ಲ್ಯುಬೆನ್, ಪ್ಲೊವ್ದಿವ್‌ನ ಗುರುವಾರದ ಸಂತೆಯಲ್ಲಿ ಆ ತುದಿಯಿಂದ ಈ ತುದಿಗೆ ಕೇಳುವ ಗಂಟಲು, ಬನ್ನಿ ಅಮ್ಮಾವ್ರೇ, ಈ ಟೊಮೇಟೊ ತಿಂದ ಅತ್ತೇನೂ ಸೊಸೇನ ಹೊಗಳ್ತಾಳೆ, ಆ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ನಿನ್ನೆ ಗಡ್ಡೆಯ ಸಮೇತ ತೆಗೆದರು, ಮುಂದಿನ ವಾರ ಎಂದಿದ್ದವರು ನಿನ್ನೆ ಬೆಳಿಗ್ಗೆ ಫೋನು ಮಾಡಿ ಹಾಸಿಗೆ ಖಾಲಿಯಾಯಿತು, ಇವತ್ತೇ ಬನ್ನಿ ಎಂದುಬಿಟ್ಟರು, ನನಗೆ ಆ ಒಂದು ವಾರ ಬೇಕಿತ್ತು. ಬೇಸಿಗೆಯೆಲ್ಲ ನನ್ನ ಅಡುಗೆಮನೆಯಲ್ಲಿ ಕೂತು ಅವನು ಮಾತಾಡಿದ್ದ, ನಾನು ಮೈಕ್ ಹಿಡಿದಿದ್ದೆ, ಅವನು ಏನು ಟೈಪ್ ಮಾಡಿದರೂ ಅವನದೇ ದನಿಯಲ್ಲಿ ಹೊರಬರಬೇಕು ಎಂದು, ಏಯ್ ರಾಲಿ, ಬೈಗುಳಾನೂ ಹಾಕ್ಕೋ, ಇಲ್ದಿದ್ರೆ ನಾನು ಅಂತ ಯಾರು ನಂಬ್ತಾರೆ ಅಂದ, ಹಾಕಿಕೊಂಡೆ, ಕೊನೆಯ ದಿನ ಮಾತ್ರ ನಗದೆ ಹೇಳಿದ — ಕಣ್ಣು ಬಿಟ್ಟಾಗ ಬಾಯಿ ಕಟ್ಟಿದ ದನದ ಥರ ಬಿದ್ದಿರೋಕೆ ನನಗೆ ಭಯ ಕಣೇ, ಮೊದಲನೇ ಮಾತು ಸೆವ್ದಾ ಹತ್ರ ಆಡ್ಬೇಕು.

ಸೆವ್ದಾ ಅತ್ತಿಗೆ ಪಕ್ಕದಲ್ಲೇ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಾಳೆ, ಸಿಪ್ಪೆ ಅಂಗೈಗೆ, ತಿರುಳೂ ಅಂಗೈಗೆ, ಒಂದೂ ಬಾಯಿಗೆ ಹೋಗುತ್ತಿಲ್ಲ, ಆಯ್ತೇನೇ ಅಂದಳು, ಇನ್ನೇನು ಆಯ್ತು ಅತ್ತಿಗೆ ಅಂದೆ, ಸುಳ್ಳು, ಆಗಿಲ್ಲ, ನರ್ಸ್ ಪೆನ್ಕಾ ಬೆಳಿಗ್ಗೆಯೇ ಹೇಳಿಬಿಟ್ಟಳು, ಹೊರಗಿನ ಲ್ಯಾಪ್‌ಟಾಪು ಗೀಪ್‌ಟಾಪು ಒಳಗೆ ಬರೋ ಹಾಗಿಲ್ಲ, ಹಾಸಿಗೆ ಪಕ್ಕ ನಮ್ಮದೇ ವಿಂಡೋಸ್ ಕಂಪ್ಯೂಟರಿದೆ, ಪೆನ್‌ಡ್ರೈವ್ ಕೊಡು, ಸ್ಪಿರಿಟ್‌ನಲ್ಲಿ ಒರೆಸಿ ತಗೊಂಡ್ಹೋಗ್ತೀನಿ, ಡಾಕ್ಟ್ರನ್ನ ಕೇಳಿದೀನಿ. ಕೊಡಲು ನನ್ನ ಬಳಿ ಏನಿದೆ, ಕೆಂಪು ಸಾಲುಗಳು, ಓದು, ಹೆದರದೆ ಮೊದಲನೆಯದನ್ನು ಓದು, ಉಳಿದವೆಲ್ಲ ಅದರ ಮರಿಗಳು, ಇಲ್ಲಿ ಒಂದು ಹೆಸರು ಇರಬೇಕಿತ್ತು ಅನ್ನುತ್ತಿದೆ, ಇದೆಯಲ್ಲ, ನಾನೇ ಬರೆದಿದ್ದೇನಲ್ಲ, ನಿಯರ್ ಅಂತ ಒಂದು, ಫಾರ್ ಅಂತ ಒಂದು, ಹತ್ತಿರದವರಿಗೆ ಮೆಲುದನಿ, ದೂರದವರಿಗೆ ಸಂತೆಯ ದನಿ — ಓಹ್, ವಿಂಡೋಸ್‌ನ ಹಳೆಯ ಕಡತಗಳಲ್ಲಿ ಆ ಎರಡು ಪದಗಳನ್ನು ಎಂದೋ ಬೇರೆ ಕೆಲಸಕ್ಕೆ ಇಟ್ಟುಕೊಂಡು ಈಗ ಬರಿದು ಮಾಡಿಟ್ಟಿದ್ದಾರೆ, ನಾನು ಬರೆದದ್ದು ಕಂಪೈಲರ್ ಕಣ್ಣಿಗೆ ಬೀಳುವ ಮೊದಲೇ ಅಳಿಸಿಹೋಗುತ್ತಿದೆ, ಹೆಸರು ಬದಲಿಸು, ಬದಲಿಸಿದೆ, ಕಂಪೈಲ್ ಆಯಿತು, ಆಯಿತು, ಇನ್ನು ತುಂಡುಗಳನ್ನು ಜೋಡಿಸುವ ಲಿಂಕರ್ ಒಂದೇ — ಇಲ್ಲ. ‘ಧ್ವನಿ ತೆರೆ’ ಸಿಗಲಿಲ್ಲ. ಅಷ್ಟೇ ಅನ್ನುತ್ತಿದೆ. ದನಿಯನ್ನು ತೆರೆಯುವ ಆ ತುಂಡು ನಾನೇ ಬರೆದದ್ದು, ಅಣ್ಣನ ದನಿ ತುಂಬಿಟ್ಟ ಕಟ್ಟಿನೊಳಗೇ ಇದೆ, ತೆರೆದು ನೋಡಿದೆ, ಇದೆ, ಮತ್ತೆ ಓಡಿಸಿದೆ, ಸಿಗಲಿಲ್ಲ, ಎದುರಿಗೇ ಕೂತಿದೆಯಲ್ಲೋ ಕುರುಡಾ, ಪೆನ್ಕಾ ಬಾಗಿಲಿನಿಂದ ತಲೆ ಹಾಕಿದಳು, ಕಣ್ಣು ಬಿಡ್ತಿದಾನೆ, ಗಂಟಲು ಮುಟ್ಟಿಕೊಳ್ಳೋಕೆ ಹೋಗ್ತಾನೆ, ಕೈ ಹಿಡ್ಕೊಂಡಿದೀವಿ, ಬೇಗ, ಸೆವ್ದಾಳ ಅಂಗೈಯಿಂದ ಬೀಜಗಳೆಲ್ಲ ನೆಲಕ್ಕೆ, ರಾಲೀ, ನಿನ್ನ ದಮ್ಮಯ್ಯ. ಮ್ಯಾಕ್‌ನಲ್ಲಿ ಸಿಕ್ಕಿದ್ದು ಇಲ್ಲೇಕೆ ಸಿಗದು, ಅದೇ ಕಟ್ಟು, ಅದೇ ಹೆಸರು, ಅದೇ ಸಾಲು — ಸಾಲು, ತಾಳು, ಮ್ಯಾಕ್‌ನ ಲಿಂಕರ್ ಹಿಂದಿರುಗಿ ಹುಡುಕುತ್ತದೆ, ಈ ಲಿಂಕರ್ ಸಾಲಿನುದ್ದಕ್ಕೂ ಒಂದೇ ಸಲ ನಡೆದುಹೋಗುತ್ತದೆ, ಕೊಡುವವನ ಮುಂದೆ, ಅಂದರೆ ದನಿಯ ಕಟ್ಟಿನ ಮುಂದೆ, ಹಾದಾಗ ಯಾರೂ ಇನ್ನೂ ಏನೂ ಕೇಳಿರಲಿಲ್ಲ, ಹಾಗಾಗಿ ಏನೂ ತೆಗೆದುಕೊಳ್ಳಲಿಲ್ಲ, ಮುಂದೆ ಹೋದ ಮೇಲೆ ಕೇಳುವವನು, ನನ್ನ ಪ್ರೋಗ್ರಾಮು, ಸಿಕ್ಕಿದ, ಹಿಂದಕ್ಕೆ ಬರುವ ಅಭ್ಯಾಸ ಅದಕ್ಕಿಲ್ಲ. ಕೇಳುವವನು ಮೊದಲು, ಕೊಡುವವನು ಆಮೇಲೆ, ಇಷ್ಟೇನಾ, ಎರಡು ಹೆಸರು ಅದಲುಬದಲು, ಇಷ್ಟಕ್ಕೇನಾ, ಒತ್ತಿದೆ, ಒಂದೂ ಕೆಂಪಿಲ್ಲ, ಪೆನ್‌ಡ್ರೈವ್, ಪೆನ್ಕಾ, ತಗೋ, ಓಡು.

ನಮಗೂ ನೀಲಿ ನಿಲುವಂಗಿ ತೊಡಿಸಿ ಒಳಗೆ ಬಿಟ್ಟರು, ಸ್ಪಿರಿಟ್ ವಾಸನೆ, ಅಣ್ಣನ ಕುತ್ತಿಗೆಯಲ್ಲಿ ತೂತು, ಅದರ ಮೂಲಕ ಉಸಿರು ಶಿಳ್ಳೆಯಂತೆ, ನೋಡಬೇಡ, ನೋಡು, ನೋವಿದೆಯಾ ಎಂದು ಪೆನ್ಕಾ ಕೇಳಿದ್ದಕ್ಕೆ ತಲೆಯನ್ನು ಅತ್ತಿತ್ತ ಆಡಿಸಿದ, ನಮ್ಮ ದೇಶದಲ್ಲಿ ಹಾಗೆ ಆಡಿಸಿದರೆ ಹೌದು ಎಂದು, ಹೂಂ, ಇದೆ, ಕೀಲಿಮಣೆಯನ್ನು ಎದೆಯ ಮೇಲಿಟ್ಟಳು, ಒಂದೊಂದೇ ಅಕ್ಷರ, ಬೆರಳು ಜಾರುತ್ತದೆ, ಮತ್ತೆ ಹುಡುಕುತ್ತದೆ, ತೆರೆದುಕೋ, ದೇವರೇ, ತೆರೆದುಕೋ — ಸೆವ್ದಾ, ಅಂದಿತು, ಅಣ್ಣನ ದನಿ, ಸಂತೆಯ ದನಿಯಲ್ಲ, ಹತ್ತಿರದ್ದು, ಸೆವ್ದಾ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯೇನೇ, ಗೆದ್ದೆ, ಗೆದ್ದೆನಲ್ಲ, ಪೆನ್ಕಾ ಮೂಗೊರೆಸಿಕೊಂಡಳು, ಸೆವ್ದಾ ಅಳುತ್ತಾ ಬಾಗಿದಳು, ಕಂಪ್ಯೂಟರಿನತ್ತ ಬಾಗಿದಳು, ತಿಂದೆ ಲ್ಯುಬೋ, ತಿಂದೆ, ನೀನು ಹೆದರ್ಬೇಡ ಎಂದು ಅದಕ್ಕೆ ಹೇಳಿದಳು, ಅದರ ಅಂಚನ್ನು ಸವರಿದಳು, ದನಿ ಬಂದ ಕಡೆಗೆ ಮುಖ ತಿರುಗುತ್ತದೆ, ಅದು ಅವಳ ತಪ್ಪೇ, ಅಣ್ಣ ನೋಡುತ್ತಿದ್ದಾನೆ, ಅವಳ ಕಿವಿ ಮಾತ್ರ ಕಾಣುತ್ತಿದೆ ಅವನಿಗೆ, ತುಟಿ ಅಲುಗಿತು, ಗಾಳಿಯೂ ಬರಲಿಲ್ಲ, ಮತ್ತೆ ಒತ್ತಿದ, ಸೆವ್ದಾ, ಅವಳು ಇನ್ನಷ್ಟು ಅತ್ತಲೇ ವಾಲಿದಳು, ಹೂಂ ಹೇಳು, ಇಲ್ಲೇ ಇದೀನಿ, ಅತ್ತಿಗೆ, ಅಲ್ಲಲ್ಲ, ಇಲ್ಲಿ, ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಕೀಲಿಮಣೆ ಪಕ್ಕಕ್ಕೆ ತಳ್ಳಿದ, ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ ಕೈ ಎತ್ತಿದ, ಅದು ಗಾಳಿಯಲ್ಲಿ ತೂಗಾಡಿತು, ಅವಳ ಗಲ್ಲ ಮುಟ್ಟಿತು, ಎರಡು ಬೆರಳು, ಟೊಮೇಟೊ ಕಲೆ ಉಗುರಿನಿಂದ ಇನ್ನೂ ಹೋಗಿಲ್ಲ, ಮುಖವನ್ನು ಮೆಲ್ಲಗೆ ತನ್ನತ್ತ ತಿರುಗಿಸುತ್ತಿದ್ದಾನೆ, ಮುಚ್ಚಿದ ತುಟಿ, ಗಲ್ಲದ ಮೇಲೆ ಎರಡು ಬೆರಳು, ತಿರುಗಿಸುತ್ತಿದ್ದಾನೆ, ಆ ಎರಡು ಬೆರಳು